ಜಮಖಂಡಿಗೆ ಬಂದ ಕೂಗರ್

ಹೋದ ಫೆಬ್ರವರಿಯ ಕೊನೆಯ ವಾರ. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು, ನಮ್ಮ ಇಂಟರ್ನಲ್ಸ್ ಶುರುವಾಗುವುದಿತ್ತು. ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ನಮ್ಮಲ್ಲಿ ನಾಲ್ಕೈದು ಮಂದಿಯ ಮೊಬೈಲಿಗೆ ಹತ್ತು ನಿಮಿಷದ ಅಂತರದಲ್ಲಿ ಒಂದೇ ವಿಡಿಯೋ ಬಂತು. ಒಬ್ಬನಿಗೆ ಜಮಖಂಡಿಯ ಮನೆ ಗ್ರೂಪಿನಿಂದ, ಒಬ್ಬಳಿಗೆ ಬನಹಟ್ಟಿಯ ಓಣಿಯ ಗ್ರೂಪಿನಿಂದ, ಮತ್ತೊಬ್ಬನಿಗೆ ಬೀಳಗಿಯ ಮಾವನಿಂದ. ಕೆಳಗೆ ಬರೆದದ್ದೂ ಒಂದೇ: "ನಮ್ಮ ಕಡೆ ಚಿರತಿ ಬಂದೈತಿ, ರಾತ್ರಿ ಯಾರೂ ಹೊಲಕ್ಕ ಹೋಗಬ್ಯಾಡ್ರಿ."

ವಿಡಿಯೋ ನೋಡಿದೆವು. ಉದ್ದ ಬಾಲದ, ಮಣ್ಣಿನ ಬಣ್ಣದ ಒಂದು ದೊಡ್ಡ ಬೆಕ್ಕು ರಾತ್ರಿ ಹೊತ್ತು ಮನೆಯೊಂದರ ಬೇಲಿ ಪಕ್ಕ ನಿಧಾನಕ್ಕೆ ನಡೆದು ಹೋಗುತ್ತದೆ. ಮೈಮೇಲೆ ಒಂದು ಚುಕ್ಕೆ ಇಲ್ಲ. ಹಿಂದೆ ಕಟ್ಟಿಗೆಯ ಮನೆ. ನೆಲದ ತುಂಬಾ ಬೆಳ್ಳಗೆ ಏನೋ ಬಿದ್ದಿದೆ. "ಹತ್ತಿ ಇರಬೇಕು" ಅಂದ ಒಬ್ಬ. "ಅದು ಹಿಮ ಐತಿ ಮಾರಾಯ. ಜಮಖಂಡಿಯಾಗ ಹಿಮ ಯಾವಾಗ ಬಿತ್ತು?" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕೆವು. ಅದು ಅಮೆರಿಕದ ಕೂಗರ್. ಯಾರೋ ಅಲ್ಲಿಯ ಸಿಸಿಟಿವಿ ತುಣುಕಿಗೆ ಕನ್ನಡದ ದನಿ ಸೇರಿಸಿ ಬಿಟ್ಟಿದ್ದರು.

ನಗು ಎರಡು ದಿನ ಇತ್ತು. ಮೂರನೇ ದಿನ ಮುಧೋಳ ತಾಲೂಕಿನ ನಮ್ಮ ಗೆಳೆಯನ ಊರಿನಿಂದ ಫೋನ್ ಬಂತು. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಹೊಲದ ನಡುವೆ ಮೂರು ಮರಿ ಸಿಕ್ಕಿದ್ದವು. ಮಣ್ಣಿನ ಬಣ್ಣ, ಚುಕ್ಕೆ ಇಲ್ಲ. ಬೇರೆ ವರ್ಷವಾಗಿದ್ದರೆ ಯಾರಾದರೂ ಹಿರಿಯರು "ಕಾಡಬೆಕ್ಕಿನ ಮರಿ, ಬಿಡ್ರಿ ಅಲ್ಲೇ" ಅನ್ನುತ್ತಿದ್ದರು. ಈ ಸಲ ಎಲ್ಲರ ಕಣ್ಣ ಮುಂದೆ ಆ ವಿಡಿಯೋ ಇತ್ತು. ಚಿರತೆಗೆ ಚುಕ್ಕೆ ಇರುವುದಿಲ್ಲ ಅಂತ ಊರೇ ನೋಡಿತ್ತಲ್ಲ! ತಾಯಿ ಚಿರತೆ ಹುಡುಕಿಕೊಂಡು ಬಂದೀತು ಅನ್ನುವ ಹೆದರಿಕೆಗೆ ಮರಿಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ದೂರದ ಒಂದು ಶೆಡ್ಡಿನಲ್ಲಿ ಮುಚ್ಚಿಟ್ಟರು. ಮಧ್ಯಾಹ್ನದ ಬಿಸಿಲು. ಅರಣ್ಯ ಇಲಾಖೆಯವರು ಬಂದು ಮುಚ್ಚಳ ತೆಗೆಯುವಷ್ಟರಲ್ಲಿ ಎರಡು ಮರಿ ಸತ್ತಿದ್ದವು. ಬದುಕಿದ್ದ ಒಂದನ್ನು ಸಂಜೆ ಅದೇ ಹೊಲದಲ್ಲಿ, ಅದೇ ಜಾಗದಲ್ಲಿ ಬುಟ್ಟಿಯೊಳಗೆ ಇಟ್ಟರು. ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಯಿತು. ಅದು ಕಾಡುಬೆಕ್ಕೇ.

ಆ ಊರಿನ ಮಂದಿಯನ್ನು ಬೈಯುವುದು ಸುಲಭ. ಆದರೆ ಅವರು ಮಾಡಿದ್ದಾದರೂ ಏನು? ತಮಗೆ ತಿಳಿದ ಮಾಹಿತಿಯ ಪ್ರಕಾರ ನಡೆದರು. ಕೆಟ್ಟದ್ದು ಮಾಹಿತಿ. ಮತ್ತೆ, ಆ ವಿಡಿಯೋ ಸುಳ್ಳು ಅಂತ ಮೊದಲ ಸಂಜೆಯೇ ಗೊತ್ತಿದ್ದವರು ನಾವು. ಗೊತ್ತಿದ್ದೂ ನಕ್ಕು ಸುಮ್ಮನಾದೆವು. ಈ ಲೇಖನ ಅದಕ್ಕೇ.

ಉತ್ತರ ಕಳಿಸೋಣ ಅಂದರೆ...

ಪೂರ್ತಿ ಸುಮ್ಮನಾದೆವು ಅನ್ನುವುದೂ ತಪ್ಪು. ನಮ್ಮಲ್ಲೊಬ್ಬಳು ಅವತ್ತೇ ಓಣಿಯ ಗ್ರೂಪಿಗೆ "ಇದು ಚಿರತೆ ಅಲ್ಲ, ಕೂಗರ್" ಅಂತ ಬರೆದಿದ್ದಳು. "ಕೂಗರ್ ಅಂದ್ರ ಏನವ್ವ?" ಅಂತ ಅಜ್ಜಿಯ ವಯಸ್ಸಿನವರೊಬ್ಬರು ಕೇಳಿದರು. ಕನ್ನಡದಲ್ಲಿ ಒಂದು ಒಳ್ಳೆಯ ಪುಟದ ಲಿಂಕ್ ಕಳಿಸಿಬಿಡೋಣ ಅಂತ ಹುಡುಕಿದಳು. ಸಿಕ್ಕ ಬರಹಗಳಲ್ಲಿ ಒಂದು ಕಡೆ ಅದು "ಪರ್ವತ ಸಿಂಹ", ಇನ್ನೊಂದು ಕಡೆ "ಅಮೆರಿಕದ ಚಿರತೆ", ಮತ್ತೊಂದು ಕಡೆ ಬರೀ "ದೊಡ್ಡ ಬೆಕ್ಕು". ತೂಕ ಪೌಂಡಿನಲ್ಲಿ, ಉದ್ದ ಅಡಿಯಲ್ಲಿ. ವಾಕ್ಯಗಳನ್ನು ಓದಿದರೆ ಯಂತ್ರ ಅನುವಾದಿಸಿದ್ದು ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಓಣಿಯ ಅಜ್ಜಿಗೆ ಕಳಿಸುವಂಥದ್ದು ಒಂದೂ ಇರಲಿಲ್ಲ. ಅವಳು ಮೊಬೈಲ್ ಕೆಳಗಿಟ್ಟಳು. ಚರ್ಚೆ ಅಲ್ಲಿಗೇ ಮುಗಿಯಿತು, ವಿಡಿಯೋ ಮುಂದೆ ಹೋಯಿತು.

ಹಾಗಾದರೆ ಆ ಪುಟದಲ್ಲಿ ಏನಿರಬೇಕಿತ್ತು? ನಾವು ಕೂತು ಓದಿದೆವು. ಕೂಗರ್ ಅಂದರೆ ಪೂಮಾ. ನಮ್ಮಲ್ಲಿ ಅರ್ಧ ಮಂದಿಯ ಶೂ ಮೇಲೆ ಜಿಗಿಯುತ್ತಿರುವ ಬೆಕ್ಕು ಅದೇ. ಉತ್ತರದಲ್ಲಿ ಕೆನಡಾದ ಯೂಕಾನ್‌ನಿಂದ ದಕ್ಷಿಣದಲ್ಲಿ ಆಂಡೀಸ್ ಪರ್ವತಗಳ ಕೊನೆಯವರೆಗೆ, ಎರಡೂ ಅಮೆರಿಕ ಖಂಡಗಳಲ್ಲಿ ಅದರ ವಾಸ. ಬೇರೆ ಎಲ್ಲೂ ಇಲ್ಲ, ಭಾರತದಲ್ಲಂತೂ ಇಲ್ಲವೇ ಇಲ್ಲ. ಮೈ ಒಂದೇ ಬಣ್ಣದ್ದು. ವೈಜ್ಞಾನಿಕ ಹೆಸರಿನ ಕಾಂಕಲರ್ ಅನ್ನುವ ಲ್ಯಾಟಿನ್ ಪದದ ಅರ್ಥವೂ ಅದೇ. ಮರಿಗಳಿಗೆ ಮಾತ್ರ ಹುಟ್ಟಿದಾಗ ಚುಕ್ಕೆ ಇರುತ್ತವೆ, ಬೆಳೆದಂತೆ ಮಾಸುತ್ತವೆ. ಹುಲಿ, ಸಿಂಹ, ಚಿರತೆಗಳ ಕುಲ ಬೇರೆ, ಇದರ ಕುಲ ಬೇರೆ. ಹೆಸರಿನಾಗ ಕೂಗು ಐತಿ, ಆದರೆ ಗರ್ಜಿಸಲು ಬರುವುದಿಲ್ಲ. ಮನೆ ಬೆಕ್ಕಿನಂತೆ ಗುರುಗುಡುತ್ತದೆ, ಒಮ್ಮೊಮ್ಮೆ ಎದೆ ಝಲ್ಲೆನ್ನುವಂತೆ ಚೀರುತ್ತದೆ.

ನಮಗೆ ಎಲ್ಲಕ್ಕಿಂತ ಆಶ್ಚರ್ಯವಾದ ಸಂಗತಿ ಬೇರೆ. ಕೂಗರಿನ ಹತ್ತಿರದ ಸಂಬಂಧಿಗಳು ಸಿಂಹವೂ ಅಲ್ಲ, ಚಿರತೆಯೂ ಅಲ್ಲ. ಒಂದು ಜಾಗ್ವಾರುಂಡಿ ಎಂಬ ಅಮೆರಿಕದ ಸಣ್ಣ ಕಾಡುಬೆಕ್ಕು, ಇನ್ನೊಂದು ಚೀತಾ. ಅಂದರೆ "ಪರ್ವತ ಸಿಂಹ", "ಅಮೆರಿಕದ ಚಿರತೆ" ಎರಡೂ ಹೆಸರು ಓದುಗನನ್ನು ತಪ್ಪು ಮನೆಯ ಬಾಗಿಲಿಗೆ ಕರೆದುಕೊಂಡು ಹೋಗುತ್ತವೆ. ಇಂಗ್ಲಿಷಿನವರಿಗೂ ಈ ಗೊಂದಲ ಇಲ್ಲದಿಲ್ಲ. ಇಂಗ್ಲಿಷಿನಲ್ಲೇ ಈ ಪ್ರಾಣಿಗೆ ನಲವತ್ತಕ್ಕೂ ಹೆಚ್ಚು ಹೆಸರಿವೆ. ಫ್ಲಾರಿಡಾದಲ್ಲಿ ಇದನ್ನೇ ಪ್ಯಾಂಥರ್ ಅನ್ನುತ್ತಾರೆ. ಆದರೆ ಅವರ ವಿಶ್ವಕೋಶದಲ್ಲಿ ಈ ಎಲ್ಲ ಹೆಸರೂ ಒಂದೇ ಪುಟಕ್ಕೆ ಬಂದು ಸೇರುತ್ತವೆ. ನಮ್ಮಲ್ಲಿ ಒಂದೊಂದು ಹೆಸರು ಒಂದೊಂದು ಪ್ರಾಣಿಯಾಗಿ ಹೊರಡುತ್ತದೆ.

ಚಿರತೆ ಎಂಬ ಹೆಸರಿನ ಕತೆ

ಇಲ್ಲಿಗೆ ಬಂದ ಮೇಲೆ ನಮ್ಮ ಬುಡಕ್ಕೇ ನೀರು ಬಂತು. ನಮ್ಮ ಕನ್ನಡ ಸಂಘದ ಗೋಡೆಪತ್ರಿಕೆಯಲ್ಲಿ ಹಿಂದಿನ ವರ್ಷದ ವನ್ಯಜೀವಿ ಸಪ್ತಾಹಕ್ಕೆ ನಾವೇ ಒಂದು ಪಟ್ಟಿ ಹಾಕಿದ್ದೆವು: "ಚಿರತೆ: ಭೂಮಿಯ ಮೇಲಿನ ಅತಿ ವೇಗದ ಪ್ರಾಣಿ, ಗಂಟೆಗೆ 100 ಕಿ.ಮೀ." ಪಕ್ಕದಲ್ಲಿ ಮರದ ಕೊಂಬೆ ಮೇಲೆ ಮಲಗಿದ ಚಿರತೆಯ ಚಿತ್ರ. ವೇಗ ಚೀತಾದ್ದು, ಚಿತ್ರ ಚಿರತೆಯದ್ದು. ಆ ಹಾಳೆ ಒಂದು ತಿಂಗಳು ಗೋಡೆ ಮೇಲಿತ್ತು. ಒಬ್ಬರೂ ತಪ್ಪು ಅನ್ನಲಿಲ್ಲ.

2022 ನೆನಪಿರಬೇಕು. ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಒಂದು ಚಿರತೆ ವಾರಗಟ್ಟಲೆ ತಪ್ಪಿಸಿಕೊಂಡು ಓಡಾಡಿತು, ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು. ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಕನ್ನಡದ ಎಷ್ಟೋ ಸುದ್ದಿಗಳಲ್ಲಿ ಅವೂ "ಚಿರತೆ"ಗಳೇ. ಬೆಳಗಾವಿಯಲ್ಲಿ ಹಿಡಿಯಲಾಗದ ಪ್ರಾಣಿಯನ್ನು ವಿಮಾನದಲ್ಲಿ ಯಾಕೆ ತರಿಸುತ್ತಿದ್ದಾರೆ ಅಂತ ನಮ್ಮ ಮನೆಗಳಲ್ಲಿ ಹಿರಿಯರು ಕೇಳಿದ್ದುಂಟು. ಅವರ ಪ್ರಶ್ನೆ ಸರಿಯೇ ಇತ್ತು. ಪದ ಒಂದೇ ಆದಾಗ ಪ್ರಾಣಿ ಎರಡು ಅಂತ ಗೊತ್ತಾಗುವುದು ಹೇಗೆ?

ಹಳೆಯ ಪುಸ್ತಕಗಳನ್ನು ತೆಗೆದಾಗ ಕತೆ ಇನ್ನೂ ಸ್ವಾರಸ್ಯವಾಯಿತು. 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೈನ್ಯಕ್ಕೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸ್ಟೀವನ್ಸನ್ ಮತ್ತು ಎಲಿಯಟ್ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದ. 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನೂ ಮದರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ದಕ್ಷಿಣ ಮರಾಠಾ ಸೀಮೆ ಅಂದರೆ ಬೇರೆಲ್ಲೂ ಅಲ್ಲ, ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಇದ್ದ ಸೀಮೆ. ಆಮೇಲೆ 1867ರಲ್ಲಿ ಜೆರ್ಡನ್, 1884ರಲ್ಲಿ ಸ್ಟರ್ನ್‌ಡೇಲ್ ಭಾರತದ ಸಸ್ತನಿಗಳ ಮೇಲೆ ಪುಸ್ತಕ ಬರೆದರು. ಪ್ರತಿ ಪ್ರಾಣಿಗೂ ದೇಶೀ ಹೆಸರುಗಳನ್ನು ಕೊಟ್ಟರು. ಅವುಗಳಲ್ಲಿ ಚೀತಾಕ್ಕೆ ಕೊಟ್ಟ ಕನ್ನಡ ಹೆಸರು ಎರಡು: ಚಿರ್ಚ ಮತ್ತು ಸಿವಂಗಿ. ಈಗ ನಾವು ಚಿರತೆ ಅನ್ನುವ ಪ್ರಾಣಿಗೆ ಕೊಟ್ಟ ಕನ್ನಡ ಹೆಸರುಗಳು ಹೊನಿಗ, ಕೆರ್ಕಲ್.

ಒಂದೂವರೆ ಶತಮಾನದ ಹಿಂದೆ ಚಿರ್ಚ ಅಂದರೆ ಚೀತಾ! ಭಾರತದ ಕೊನೆಯ ಚೀತಾಗಳನ್ನು 1947ರ ಸುಮಾರಿಗೆ ಗುಂಡಿಟ್ಟು ಕೊಂದರು, 1952ರಲ್ಲಿ ದೇಶದಲ್ಲಿ ಅದು ಅಳಿದಿದೆ ಎಂದು ಘೋಷಿಸಿದರು. ಪ್ರಾಣಿ ಹೋದ ಮೇಲೆ ಅದರ ಹೆಸರು ಖಾಲಿ ಮನೆಯಂತೆ ಉಳಿದು, ಉಳಿದಿದ್ದ ಇನ್ನೊಂದು ಚುಕ್ಕೆಯ ಪ್ರಾಣಿ ಅದರೊಳಗೆ ಬಂದು ಕೂತಿರಬೇಕು ಅನ್ನುವುದು ನಮ್ಮ ಊಹೆ. ಊಹೆಯನ್ನು ಊಹೆ ಅಂತಲೇ ಹೇಳುತ್ತೇವೆ. ಆ ಪುಸ್ತಕಗಳಲ್ಲಿ ಚಿರತೆಯ ಹಿಂದಿ ಹೆಸರುಗಳ ನಡುವೆಯೂ "ಚೀತಾ" ಇದೆ, ಗೊಂದಲ ಆಗಲೇ ಇತ್ತು. ಏನೇ ಇರಲಿ, ಇವತ್ತಿನ ಕನ್ನಡದಲ್ಲಿ ಚಿರತೆ ಅಂದರೆ ಬಳೆಯಂಥ ಗುಚ್ಛದ ಚುಕ್ಕೆಗಳಿರುವ, ಮರ ಹತ್ತುವ ಪ್ರಾಣಿ. ಚೀತಾ ಅಥವಾ ಸಿವಂಗಿ ಅಂದರೆ ಬೊಟ್ಟಿನಂಥ ಗುಂಡು ಚುಕ್ಕೆಗಳಿರುವ, ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನ ಗೆರೆಯಂತೆ ಕಪ್ಪು ಗೆರೆ ಇರುವ ಪ್ರಾಣಿ. ಕೂಗರ್ ಅಂದರೆ ಇವೆರಡೂ ಅಲ್ಲದ, ಚುಕ್ಕೆಯೇ ಇಲ್ಲದ, ನಮ್ಮ ಸೀಮೆಯಲ್ಲಿ ಇಲ್ಲದ ಪ್ರಾಣಿ. ಮೂರು ವಾಕ್ಯ. ಇಷ್ಟು ಕನ್ನಡದಲ್ಲಿ ಒಂದೇ ಕಡೆ, ಚಿತ್ರದ ಸಮೇತ ಇದ್ದಿದ್ದರೆ ನಮ್ಮ ಗೆಳತಿ ಆ ಸಂಜೆ ಮೊಬೈಲ್ ಕೆಳಗಿಡುತ್ತಿರಲಿಲ್ಲ.

ತಪ್ಪು ಹೇಗೆ ಬೇರು ಬಿಡುತ್ತದೆ

ವಿಶ್ವಕೋಶದ ತಪ್ಪು ಉಳಿದ ತಪ್ಪುಗಳಂತಲ್ಲ. ಅದಕ್ಕೆ ಮರಿ ಹಾಕುವ ಗುಣ ಇದೆ. 2008ರಲ್ಲಿ ಅಮೆರಿಕದ ಒಬ್ಬ ಹದಿನೇಳರ ವಿದ್ಯಾರ್ಥಿ ಕೋಟಿ ಎಂಬ ದಕ್ಷಿಣ ಅಮೆರಿಕದ ಪ್ರಾಣಿಯ ಇಂಗ್ಲಿಷ್ ವಿಕಿಪೀಡಿಯ ಪುಟದಲ್ಲಿ ತಮಾಷೆಗೆ ಒಂದು ಸಾಲು ಸೇರಿಸಿದ: ಇದನ್ನು ಬ್ರೆಜಿಲಿನ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ. ಆರ್ಡ್‌ವಾರ್ಕ್ ಆಫ್ರಿಕಾದ ಪ್ರಾಣಿ, ಕೋಟಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು, ವಿಶ್ವವಿದ್ಯಾಲಯವೊಂದು ಪ್ರಕಟಿಸಿದ ಪುಸ್ತಕದಲ್ಲೂ ಅದು ಬಂತು. ಕೊನೆಗೆ ವಿಕಿಪೀಡಿಯದ ಆ ಸಾಲಿಗೆ ಪತ್ರಿಕೆಯೇ ಆಧಾರವಾಯಿತು. ಸುಳ್ಳು ಒಂದು ಸುತ್ತು ಹಾಕಿ ಬಂದು ತನಗೆ ತಾನೇ ಸಾಕ್ಷಿ ಹೇಳಿತು. ಇದು ಬಯಲಾಗಲು ಆರು ವರ್ಷ ಬೇಕಾಯಿತು.

ಇಂಗ್ಲಿಷ್ ಪುಟವನ್ನು ದಿನಕ್ಕೆ ನೂರಾರು ಕಣ್ಣು ನೋಡುತ್ತವೆ. ಅಲ್ಲೇ ಹೀಗಾದರೆ ಕನ್ನಡದ್ದು? ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು, ಈಗ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಅದನ್ನು ಕಟ್ಟಿದವರ ಸಂಖ್ಯೆ ಚಿಕ್ಕದು, ಮಾಡಿದ ಕೆಲಸ ದೊಡ್ಡದು. ಆದರೆ 2010ರ ಸುಮಾರಿಗೆ ಗೂಗಲ್ಲಿನ ಅನುವಾದ ಉಪಕರಣದ ಮೂಲಕ ಇಂಗ್ಲಿಷಿನಿಂದ ಉದ್ದುದ್ದ ಲೇಖನಗಳನ್ನು ಹಲವು ಭಾರತೀಯ ಭಾಷೆಗಳಿಗೆ ತಂದು ಸುರಿಯಲಾಯಿತು, ಕನ್ನಡಕ್ಕೂ. ಓದಿದರೆ ಅಕ್ಷರ ಕನ್ನಡ, ವಾಕ್ಯ ಯಾವುದೋ. ಅಂಥವನ್ನು ತಿದ್ದುವ ಕೆಲಸ ಇನ್ನೂ ಮುಗಿದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ತಿಳಿದವರು ಬರೆದದ್ದು, ಭಾಷೆ ಚೆಂದ. ಆದರೆ ಅದರ ಮೊದಲ ಸಂಪುಟ ಬಂದದ್ದು 1969ರಲ್ಲಿ. ಅಚ್ಚಾದ ಪುಸ್ತಕ ತನ್ನನ್ನು ತಾನು ತಿದ್ದಿಕೊಳ್ಳುವುದಿಲ್ಲ.

ವಿಜ್ಞಾನವೋ ತಿದ್ದಿಕೊಳ್ಳುತ್ತಲೇ ಇರುತ್ತದೆ. ನಮ್ಮದೇ ಉದಾಹರಣೆ ತಗೊಳ್ಳಿ. ರಬಕವಿ-ಬನಹಟ್ಟಿ ಮೊದಲು ಜಮಖಂಡಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. 1997ಕ್ಕಿಂತ ಮುಂಚಿನ ಪುಸ್ತಕ ತೆರೆದರೆ ನಮ್ಮ ನಾಲ್ಕೂ ಊರು ಬಿಜಾಪುರ ಜಿಲ್ಲೆಯಲ್ಲಿವೆ. ಪುಸ್ತಕ ಬರೆದವರು ಸುಳ್ಳು ಹೇಳಲಿಲ್ಲ, ಕಾಲ ಮುಂದೆ ಹೋಯಿತು. ಕೂಗರಿನ ಕತೆಯೂ ಹಾಗೇ. ಲಿನೇಯಸ್ 1771ರಲ್ಲಿ ಅದನ್ನು ಮನೆ ಬೆಕ್ಕಿನ ಕುಲಕ್ಕೆ ಸೇರಿಸಿ ಫೆಲಿಸ್ ಕಾಂಕಲರ್ ಅಂದ, ಈಗ ಅದು ಪೂಮಾ ಕಾಂಕಲರ್. ಒಂದು ಕಾಲಕ್ಕೆ ಅದರಲ್ಲಿ 32 ಉಪಜಾತಿ ಎಣಿಸುತ್ತಿದ್ದರು. 2000ದಲ್ಲಿ ಡಿಎನ್‌ಎ ನೋಡಿ ಆರು ಅಂದರು, 2017ರ ಪರಿಷ್ಕರಣೆಯಲ್ಲಿ ಎರಡಕ್ಕೆ ಇಳಿಸಿದರು. ಪೂರ್ವ ಅಮೆರಿಕದ ಕೂಗರ್ ಅಳಿದುಹೋಗಿದೆ ಅಂತ ಅಲ್ಲಿಯ ವನ್ಯಜೀವಿ ಇಲಾಖೆ 2011ರಲ್ಲಿ ಹೇಳಿತು, 2018ರಲ್ಲಿ ಅಪಾಯದ ಪಟ್ಟಿಯಿಂದ ಆ ಹೆಸರನ್ನೇ ತೆಗೆಯಿತು. ನಮ್ಮ ದೇಶದಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು ಆರು ಅನುಸೂಚಿಗಳು ನಾಲ್ಕಾದವು. ಅದಕ್ಕಿಂತ ಹಿಂದೆ ಬರೆದ ಯಾವುದೇ ಪುಟದಲ್ಲಿ "ಈ ಪ್ರಾಣಿ ಇಂಥ ಅನುಸೂಚಿಯಲ್ಲಿದೆ" ಅಂತ ಇದ್ದರೆ ಮತ್ತೊಮ್ಮೆ ನೋಡಲೇಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡದವನನ್ನು ನಾವು ನಗುತ್ತೇವೆ. ಮಾಹಿತಿ ಅಪ್‌ಡೇಟ್ ಮಾಡದ ಭಾಷೆಯನ್ನು ಏನನ್ನಬೇಕು?

"ನಮಗ್ಯಾಕ ಬೇಕು?"

ಸಂಘದ ಸಭೆಯಲ್ಲಿ ಇದನ್ನು ಪ್ರಸ್ತಾಪ ಮಾಡಿದಾಗ ಮೂರು ಮಾತು ಬಂದವು. ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು: "ಅಮೆರಿಕದ ಪ್ರಾಣಿ ತಗೊಂಡು ನಮಗೇನು?" ಪ್ರಾಣಿ ಅಮೆರಿಕದ್ದೇ. ಆದರೆ ಅದರ ವಿಡಿಯೋ ಜಮಖಂಡಿಗೆ ಬಂತು, ಅದರ ಫಲ ಮುಧೋಳ ತಾಲೂಕಿನ ಹೊಲದಲ್ಲಿ ಕಂಡಿತು. ನಮ್ಮಲ್ಲಿ ಇಲ್ಲದ ಪ್ರಾಣಿಯ ಬಗ್ಗೆ ಸರಿಯಾಗಿ ತಿಳಿದಿದ್ದರೆ ಮಾತ್ರ ಅದು ನಮ್ಮಲ್ಲಿ ಇಲ್ಲ ಅಂತ ಹೇಳಬಹುದು.

ಎರಡನೆಯದು: "ಇಂಗ್ಲಿಷಿನಲ್ಲಿ ಎಲ್ಲ ಐತಲ್ಲ." ಇದೆ, ನಮಗೆ. ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಹೊಲಕ್ಕೆ ನೀರು ಬಿಡಲು ಹೋಗುವ ನಮ್ಮ ಅಪ್ಪಂದಿರಿಗೆ? ಆ ವಾರ ಬೀಳಗಿ ಕಡೆಯ ನಮ್ಮ ಒಬ್ಬ ಗೆಳೆಯನ ಅಪ್ಪ ಮೂರು ರಾತ್ರಿ ಹೊಲಕ್ಕೆ ಹೋಗಲಿಲ್ಲ. ಜೋಳದ ಬೆಳೆಗೆ ಕೊನೆಯ ನೀರು ತಪ್ಪಿತು. ನಾವು ಇಂಗ್ಲಿಷಿನಲ್ಲಿ ಓದಿಕೊಂಡದ್ದು ಅವರ ಹೊಲ ಮುಟ್ಟಲಿಲ್ಲ. ಓದಿದವನ ತಿಳಿವಳಿಕೆ ಓದಿಸಿದವನಿಗೆ ಸಿಗದಿದ್ದರೆ ಆ ಫೀಸು ಯಾಕೆ ಕಟ್ಟಿದ್ದು?

ಮೂರನೆಯದು: "ಈಗ ಎಐ ಐತಿ, ಕೇಳಿದರೆ ಕನ್ನಡದಾಗೇ ಹೇಳತೈತಿ." ಹೇಳುತ್ತದೆ. ಆದರೆ ಅದು ಕಲಿತದ್ದು ಎಲ್ಲಿಂದ? ಅಂತರ್ಜಾಲದಲ್ಲಿ ಕನ್ನಡ ಇರುವುದೇ ಕಡಿಮೆ, ಅದರಲ್ಲಿ ವಿಶ್ವಕೋಶದ ಪಾಲು ದೊಡ್ಡದು. ಕಸ ಹಾಕಿದರೆ ಕಸವೇ ಬರುತ್ತದೆ ಅನ್ನುವುದು ನಮಗೆ ಮೊದಲ ಸೆಮಿಸ್ಟರಿನ ಪಾಠ. ಮೊದಲು ತಪ್ಪು ಪುಟ ಓದಿದವನಿಗೆ ಮಾತ್ರ ತಪ್ಪು ತಿಳಿಯುತ್ತಿತ್ತು. ಇನ್ನು ಮುಂದೆ ಅದೇ ತಪ್ಪು ಚೆಂದದ ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ, ಕೇಳಿದವರಿಗೆಲ್ಲ ಸಿಗುತ್ತದೆ. ತಿದ್ದುವ ಕೆಲಸ ಎಐ ಬಂದ ಮೇಲೆ ಕಡಿಮೆ ಆಗಿಲ್ಲ, ಜಾಸ್ತಿ ಆಗಿದೆ.

ಮತ್ತೆ, ನಮಗೆ ಸಿಟ್ಟು ಬರುವುದೇ ಇಲ್ಲ ಅಂತಲ್ಲ. ಮುಧೋಳ ನಾಯಿಯ ಬಗ್ಗೆ ಯಾರಾದರೂ ತಪ್ಪು ಬರೆಯಲಿ, ನೋಡಿ! 2005ರಲ್ಲಿ ಅಂಚೆ ಚೀಟಿ ಬಂದದ್ದು, ಸೈನ್ಯಕ್ಕೆ ಸೇರಿದ್ದು, ತಿಮ್ಮಾಪುರದ ಸಂಶೋಧನಾ ಕೇಂದ್ರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ತಿದ್ದುತ್ತೇವೆ. ರನ್ನನ ಊರು ಬೇರೆ ಅಂದರೆ ಜಗಳಕ್ಕೇ ಹೋಗುತ್ತೇವೆ. ಆದರೆ ಬೀಳಗಿ, ಮುಧೋಳ ತಾಲೂಕುಗಳ ನಡುವೆ ಸುಮಾರು 96 ಚದರ ಕಿ.ಮೀ. ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿಗೆ ನಾಲ್ಕು ಸಾಲು ಗೊತ್ತು? ಚಿಂಕಾರಕ್ಕೂ ಕೃಷ್ಣಮೃಗಕ್ಕೂ ವ್ಯತ್ಯಾಸ ಕೇಳಿದರೆ? ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೋಡು ಇರುತ್ತವೆ. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಜೆರ್ಡನ್ ಚಿಂಕಾರಕ್ಕೆ ತಿಸ್ಕ, ಬುದರಿ, ಮುದರಿ ಅಂತ ಮೂರು ಕನ್ನಡ ಹೆಸರು ಬರೆದಿಟ್ಟಿದ್ದಾನೆ. ಆ ಮೂರರಲ್ಲಿ ಒಂದನ್ನೂ ನಾವು ಕೇಳಿರಲಿಲ್ಲ. ನಮ್ಮ ಬಯಲಿನ ಪ್ರಾಣಿಯ ನಮ್ಮ ಹೆಸರು ಇಂಗ್ಲಿಷ್ ಪುಸ್ತಕದಲ್ಲಿ ಉಳಿದಿದೆ, ಕನ್ನಡದ ಪುಟದಲ್ಲಿ ಹಿಂದಿ ಹೆಸರು ನಡೆದಿದೆ.

ಹಾಗಾದರೆ ಏನು ಮಾಡುವುದು

ದೊಡ್ಡ ಯೋಜನೆ ಬೇಡ. ದೊಡ್ಡ ಯೋಜನೆಗಳು ಉದ್ಘಾಟನೆಯಲ್ಲೇ ಮುಗಿಯುತ್ತವೆ. ನಮ್ಮ ಸಂಘ ಈ ಸೆಮಿಸ್ಟರಿಗೆ ಆರೇ ಪುಟ ಹಿಡಿಯಬೇಕು ಅನ್ನುವುದು ನಮ್ಮ ಅಭಿಪ್ರಾಯ: ಕೂಗರ್, ಚಿರತೆ, ಚೀತಾ, ಕಾಡುಬೆಕ್ಕು, ತೋಳ, ಚಿಂಕಾರ. ಒಂದೊಂದಕ್ಕೆ ಮೂವರು. ನಿಯಮ ನಾಲ್ಕು.

ಒಂದು, ಇಂಗ್ಲಿಷ್ ಪುಟವನ್ನು ಅನುವಾದ ಮಾಡಬಾರದು. ಓದಬೇಕು, ಪುಸ್ತಕ ಮುಚ್ಚಬೇಕು, ನಮ್ಮ ಮಾತಿನಲ್ಲಿ ಬರೆಯಬೇಕು. ಅಳಿವಿನ ಪಟ್ಟಿಯಲ್ಲಿ ಕೂಗರಿನ ದರ್ಜೆಯನ್ನು ಪದಕ್ಕೆ ಪದ ಇಟ್ಟರೆ "ಕನಿಷ್ಠ ಕಾಳಜಿ" ಅಂತಾಗುತ್ತದೆ. ಓದಿದವನು ಈ ಪ್ರಾಣಿಯ ಕಾಳಜಿ ಮಾಡುವುದೇ ಬೇಡ ಅಂದುಕೊಳ್ಳುತ್ತಾನೆ. "ಸದ್ಯಕ್ಕೆ ಅಳಿಯುವ ಅಪಾಯ ಕಡಿಮೆ" ಅಂದರೆ ಅಜ್ಜಿಗೂ ತಿಳಿಯುತ್ತದೆ.

ಎರಡು, ಪ್ರತಿ ಅಂಕಿಗೂ ಒಂದು ಆಧಾರ, ಅದೂ ನಾವೇ ತೆರೆದು ಓದಿದ್ದು. ಇನ್ನೊಂದು ಪುಟದಲ್ಲಿ ಇತ್ತು ಅನ್ನುವುದು ಆಧಾರವಲ್ಲ. ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ಕಾಪಿ ಹೊಡೆದು ಗ್ರಾಫ್ ಎಳೆದ ಅನುಭವ ನಮಗೆಲ್ಲ ಇದೆ. ಅದು ಇಲ್ಲಿ ಬೇಡ.

ಮೂರು, ಚಿತ್ರ. ಓದದವರೂ ಚಿತ್ರ ನೋಡುತ್ತಾರೆ. ಕಾಡುಬೆಕ್ಕಿನ ಉದ್ದ ಕಾಲು, ಕಿವಿಯ ತುದಿಯ ಕೂದಲು, ಗಿಡ್ಡ ಬಾಲದ ಮೇಲಿನ ಕಪ್ಪು ಉಂಗುರ ಕಾಣುವಂಥ ಒಂದು ಚಿತ್ರ ಹತ್ತು ಪ್ಯಾರಾಕ್ಕೆ ಸಮ. ಚಿತ್ರದ ಕೆಳಗೆ ಎಲ್ಲಿ ತೆಗೆದದ್ದು ಅಂತ ಇರಲೇಬೇಕು.

ನಾಲ್ಕು, ಹೆಸರು. ಸೂಟಿಗೆ ಊರಿಗೆ ಹೋದಾಗ ಕುರಿ ಕಾಯುವವರನ್ನು, ಕಬ್ಬು ಕಡಿಯುವವರನ್ನು, ಮನೆಯ ಹಿರಿಯರನ್ನು ಕೇಳಿ. ಈ ಪ್ರಾಣಿಗೆ ನೀವು ಏನಂತೀರಿ? ಹೊನಿಗ, ಕೆರ್ಕಲ್, ಸಿವಂಗಿ, ಮುದರಿ: ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟವರ ಕಿವಿ ಎಷ್ಟು ಸರಿ ಇತ್ತೋ, ಅದನ್ನು ಹೇಳುವವರು ನಮ್ಮ ಅಜ್ಜಂದಿರೇ. ಆದರೆ ಕೇಳಿದ್ದನ್ನು ನೇರ ವಿಶ್ವಕೋಶಕ್ಕೆ ಹಾಕುವಂತಿಲ್ಲ. ಅಲ್ಲಿ ಪ್ರಕಟವಾದ ಆಧಾರ ಬೇಕು. ಅದಕ್ಕೆ ಯಾವ ಊರಿನಲ್ಲಿ, ಯಾವ ಪ್ರಾಣಿಗೆ, ಯಾವ ಚಿತ್ರ ತೋರಿಸಿದಾಗ ಆ ಹೆಸರು ಹೇಳಿದರು ಅಂತ ಬರೆದು ಮೊದಲು ಈ ನಮ್ಮ ಪತ್ರಿಕೆಯಲ್ಲೇ ಪ್ರಕಟಿಸೋಣ. ಮುಂದೆ ನಮಗಿಂತ ತಿಳಿದವರು ಅದನ್ನು ಪರೀಕ್ಷಿಸಲಿ, ಒಪ್ಪಲಿ ಇಲ್ಲವೇ ಬಿಡಲಿ.

ಇದರಿಂದ ಎಲ್ಲ ಸರಿಹೋಗುತ್ತದೆ ಅಂತ ನಾವು ಹೇಳುತ್ತಿಲ್ಲ. ಸುಳ್ಳು ವಿಡಿಯೋ ಮಾಡುವವನು ವಿಶ್ವಕೋಶ ಓದಿ ಸುಮ್ಮನಾಗುವುದಿಲ್ಲ. ಮುಂದಿನ ಹಂಗಾಮಿಗೆ ಇನ್ನೊಂದು ವಿಡಿಯೋ ಬರುತ್ತದೆ. ಆಗ "ಕೂಗರ್ ಅಂದ್ರ ಏನವ್ವ?" ಅಂತ ಕೇಳಿದವರಿಗೆ ಕಳಿಸಲು ಒಂದು ಪುಟ ಇರುತ್ತದೆಯೋ ಇಲ್ಲವೋ ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ಗೋಡೆಪತ್ರಿಕೆಯ ಆ ಹಳೆಯ ಹಾಳೆಯನ್ನು ನಾವು ಬಿಸಾಡಿಲ್ಲ. ಕೆಂಪು ಪೆನ್ನಿನಲ್ಲಿ ತಿದ್ದಿ ಸಂಘದ ಕೋಣೆಯಲ್ಲಿ ಅಂಟಿಸಿದ್ದೇವೆ. ಚಿತ್ರದ ಕೆಳಗೆ "ಇದು ಚಿರತೆ", ವೇಗದ ಪಕ್ಕದಲ್ಲಿ "ಇದು ಚೀತಾದ್ದು, ತಪ್ಪು ನಮ್ಮದು". ಶನಿವಾರ ಲ್ಯಾಬ್ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕೂರುತ್ತೇವೆ. ಕಾಡುಬೆಕ್ಕಿನ ಪುಟಕ್ಕೆ ಇನ್ನೊಬ್ಬರು ಬೇಕು. ಲ್ಯಾಪ್‌ಟಾಪ್ ಇಲ್ಲದಿದ್ದರೂ ನಡೆಯುತ್ತದೆ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು. ಬರ್ರಿ.